ಹಾಡು ಮಾಡಲು ಲಕ್ಷದ ಕಂಪ್ಯೂಟರ್ ಬೇಕೇ? ಧ್ವನಿಮುದ್ರಣದ ಚರಿತ್ರೆ ಕೊಡುವ ಉತ್ತರ



ನಮ್ಮ ಜತ್ತ ತಾಲ್ಲೂಕಿನಲ್ಲಿ ಹಾಡುವವರಿಗೆ ಎಂದೂ ಬರವಿಲ್ಲ. ಮಳೆಗೆ ಬರ ಇರಬಹುದು, ಕಂಠಕ್ಕೆ ಇಲ್ಲ. ನಮ್ಮ ಗಾನವೃಂದದ ಹುಡುಗ ಹುಡುಗಿಯರು ಈಗ ಹಾಡುವುದಷ್ಟೇ ಅಲ್ಲ, ತಾವೇ ರಾಗ ಕಟ್ಟುತ್ತಾರೆ, ಮೊಬೈಲಿನಲ್ಲಿ ತಾಳ ಜೋಡಿಸುತ್ತಾರೆ, ಕನ್ನಡದಲ್ಲಿ ಒಂದು, ಮರಾಠಿಯಲ್ಲಿ ಒಂದು ಹಾಡು ಮಾಡಿ ಯೂಟ್ಯೂಬಿಗೆ ಹಾಕಬೇಕೆಂದು ಆಸೆಪಡುತ್ತಾರೆ. ಕೆಲವರಿಗೆ ಇದನ್ನೇ ವೃತ್ತಿ ಮಾಡಿಕೊಳ್ಳುವ ಕನಸೂ ಇದೆ. ಮಾತು ಅಲ್ಲಿಗೆ ಬಂದಾಗ ಪ್ರತಿ ಸಲವೂ ಅದೇ ಒಂದು ಪ್ರಶ್ನೆ ಏಳುತ್ತದೆ: "ಪ್ರೊಫೆಶನಲ್ ಕೆಲಸ ಮಾಡಬೇಕಾದರೆ ಲಕ್ಷ, ಒಂದೂವರೆ ಲಕ್ಷದ ಹೊಸ ಕಂಪ್ಯೂಟರ್ ಬೇಕಲ್ಲವೇ?"

ಈ ಪ್ರಶ್ನೆ ಸಣ್ಣದಲ್ಲ. ಕಬ್ಬಿನ ಹಂಗಾಮಿನಲ್ಲಿ ಗಂಡ ಹೆಂಡತಿ ಇಬ್ಬರೂ ಊರು ಬಿಟ್ಟು ಕಬ್ಬು ಕಡಿಯಲು ಹೋಗುವ ಮನೆಗಳು ನಮ್ಮ ಸುತ್ತ ಇವೆ. ದ್ರಾಕ್ಷಿ, ದಾಳಿಂಬೆ ಹಾಕಿ ಒಂದು ಆಲಿಕಲ್ಲು ಮಳೆಗೆ ವರ್ಷದ ದುಡಿಮೆ ಕಳೆದುಕೊಂಡ ಮನೆಗಳೂ ಇವೆ. ಅಂಥ ಮನೆಯ ಮಗ "ಅಪ್ಪಾ, ಲಕ್ಷದ ಲ್ಯಾಪ್‌ಟಾಪ್ ಇಲ್ಲದಿದ್ದರೆ ನಾನು ಸಂಗೀತದಲ್ಲಿ ಮುಂದೆ ಬರಲಾರೆ" ಎಂದರೆ ಅಪ್ಪ ಒಂದೋ ಸಾಲ ಮಾಡುತ್ತಾನೆ, ಇಲ್ಲವೇ "ಸಂಗೀತ ನಮ್ಮಂಥವರಿಗಲ್ಲ" ಎಂದು ಮಗನ ಬಾಯಿ ಮುಚ್ಚಿಸುತ್ತಾನೆ. ಎರಡೂ ನಷ್ಟವೇ. ಹಾಗಾಗಿ ಈ ಸಲ ನಾವು ಅಂಗಡಿಯವರ ಮಾತನ್ನೂ ಜಾಹೀರಾತಿನ ಮಾತನ್ನೂ ಪಕ್ಕಕ್ಕಿಟ್ಟು, ಧ್ವನಿಮುದ್ರಣದ ಚರಿತ್ರೆಯನ್ನೇ ಕೇಳಿನೋಡೋಣ. ಒಳ್ಳೆಯ ಹಾಡುಗಳು ಯಾವ ಕಾಲದಲ್ಲಿ, ಯಾವ ಯಂತ್ರದಲ್ಲಿ, ಹೇಗೆ ಮುದ್ರಣವಾದವು?

ತುತ್ತೂರಿಯ ಮುಂದೆ ಹಾಡಿದ ಕಾಲ

ಎಡಿಸನ್ ಫೋನೋಗ್ರಾಫ್ ಮಾಡಿದ್ದು 1877ರಲ್ಲಿ. ಭಾರತದಲ್ಲಿ ವ್ಯಾಪಾರಕ್ಕಾಗಿ ತಟ್ಟೆಗಳ ಮುದ್ರಣ ಆರಂಭವಾದದ್ದು 1902ರ ನವೆಂಬರ್‌ನಲ್ಲಿ, ಕಲ್ಕತ್ತಾದಲ್ಲಿ. ಗ್ರಾಮೊಫೋನ್ ಕಂಪನಿಯಿಂದ ಬಂದಿದ್ದ ಫ್ರೆಡ್ ಗೈಸ್‌ಬರ್ಗ್ ಹೋಟೆಲಿನ ಒಂದು ಕೋಣೆಯನ್ನೇ ತಾತ್ಕಾಲಿಕ ಸ್ಟುಡಿಯೊ ಮಾಡಿಕೊಂಡು ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿದರು. ಆಗ ಮೈಕ್ ಇರಲಿಲ್ಲ, ವಿದ್ಯುತ್ತೂ ಬೇಕಿರಲಿಲ್ಲ. ಗೋಡೆಗೆ ಹಾಕಿದ ದೊಡ್ಡ ತುತ್ತೂರಿಯ ಬಾಯಿಗೆ ಮುಖ ಕೊಟ್ಟು ಹಾಡಬೇಕು. ಆ ಧ್ವನಿಯ ಒತ್ತಡಕ್ಕೆ ಒಂದು ಸೂಜಿ ಅಲುಗಿ ತಿರುಗುವ ಮೇಣದ ಮೇಲೆ ಗೆರೆ ಕೊರೆಯುತ್ತಿತ್ತು. ಆ ಮೇಣದ ತಟ್ಟೆ ಹಡಗಿನಲ್ಲಿ ಜರ್ಮನಿಯ ಹ್ಯಾನೋವರ್‌ಗೆ ಹೋಗಿ, ಪ್ರತಿಗಳಾಗಿ ಮರಳಿ ಬರಬೇಕಿತ್ತು.

ಒಂದು ಬದಿಗೆ ಸಿಗುತ್ತಿದ್ದದ್ದು ಸುಮಾರು ಮೂರು ನಿಮಿಷ. ಒಂದು ರಾಗವನ್ನು ಗಂಟೆಗಟ್ಟಲೆ ಬೆಳೆಸುವ ಹಿಂದುಸ್ತಾನಿ ಗಾಯಕರಿಗೆ ಮೂರು ನಿಮಿಷ ಎಂದರೆ ಏನು? ಆದರೂ ಗೌಹರ್ ಜಾನ್ ಅದನ್ನು ಕಲಿತರು. ಆಲಾಪ, ಬಂದಿಶ್, ತಾನು ಎಲ್ಲವನ್ನೂ ಆ ಅಳತೆಗೆ ಹೊಂದಿಸಿ, ಕೊನೆಗೆ ತಮ್ಮ ಹೆಸರನ್ನೂ ಹೇಳಿ ಮುಗಿಸುತ್ತಿದ್ದರು. ಮಿತಿ ಯಂತ್ರದ್ದಾಗಿತ್ತು, ಅದಕ್ಕೆ ಉತ್ತರ ಕೊಟ್ಟದ್ದು ಕಲಾವಿದರ ತಯಾರಿ.

ನಮ್ಮ ಜಿಲ್ಲೆಯ ಮಿರಜನ್ನೇ ನೋಡಿ. ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನ್ ಅವರು ನೆಲೆಸಿದ್ದು ಮಿರಜಿನಲ್ಲಿ. 1937ರಲ್ಲಿ ತೀರಿಕೊಂಡ ಅವರ ಸಮಾಧಿ ಇರುವುದೂ ಅಲ್ಲಿಯ ಮೀರಾಸಾಹೇಬ ದರ್ಗಾದ ಆವರಣದಲ್ಲೇ. ಅವರ ಧ್ವನಿ ನಮಗೆ ಉಳಿದಿರುವುದು ಅದೇ ಮೂರು ನಿಮಿಷದ ತಟ್ಟೆಗಳಲ್ಲಿ. ಚರಚರ ಸದ್ದಿನ ನಡುವೆಯೂ ಇಂದಿನ ಗಾಯಕರು ಕಿವಿಗೊಟ್ಟು ಕೇಳಿ ಕಲಿಯುವುದು ಆ ಸ್ವರವನ್ನೇ. ಅದೇ ಮಿರಜಿನಲ್ಲಿ ಹತ್ತೊಂಬತ್ತನೆಯ ಶತಮಾನದಿಂದ ಶಿಕಲಗಾರ ಮನೆತನದವರು ತಂಬೂರಿ, ಸಿತಾರ್ ಮಾಡುತ್ತಾ ಬಂದಿದ್ದಾರೆ. ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಕೈಗಳು ಕುಂಬಳದ ಬುರುಡೆಗೆ ತಂತಿ ಕಟ್ಟಲು ಕಲಿತವು. 2024ರಲ್ಲಿ ಮಿರಜಿನ ಸಿತಾರ್ ಮತ್ತು ತಂಬೂರಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಒಳ್ಳೆಯ ತಂಬೂರಿಯನ್ನು ಯಾರೂ "ಇದು ಹಳೆಯ ಮಾಡೆಲ್, ಹೊಸದು ತನ್ನಿ" ಎಂದು ಎಸೆಯುವುದಿಲ್ಲ ಎಂಬುದು ಮಿರಜಿಗೆ ಹತ್ತಿರವಿರುವ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಇನ್ನೊಂದು ಹತ್ತಿರದ ಸಂಗತಿ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ಆದರೆ ಅದು ತಯಾರಾದದ್ದು ಬೆಂಗಳೂರಿನಲ್ಲಲ್ಲ, ನಮ್ಮ ಪಕ್ಕದ ಕೊಲ್ಹಾಪುರದ ಛತ್ರಪತಿ ಸ್ಟುಡಿಯೊದಲ್ಲಿ. ಆರ್. ನಾಗೇಂದ್ರರಾಯರು, ಸುಬ್ಬಯ್ಯ ನಾಯ್ಡು ಮುಂತಾದ ರಂಗಭೂಮಿಯ ಕಲಾವಿದರು ಅಲ್ಲಿಗೆ ಬಂದು ನಟಿಸಿದರು. ಹಾಡನ್ನು ಮೊದಲೇ ಮುದ್ರಿಸಿಟ್ಟು ಆಮೇಲೆ ತುಟಿ ಅಲ್ಲಾಡಿಸುವ ಪದ್ಧತಿ ಭಾರತದಲ್ಲಿ ಇನ್ನೂ ಬಂದಿರದ ಕಾಲ ಅದು. ಕ್ಯಾಮೆರಾ ಮುಂದೆ ನಟಿಸುತ್ತಲೇ ಹಾಡಬೇಕು, ವಾದ್ಯದವರು ಚೌಕಟ್ಟಿನ ಹೊರಗೆ ಕುಳಿತು ನುಡಿಸಬೇಕು. ಒಬ್ಬರು ತಪ್ಪಿದರೆ ಎಲ್ಲರೂ ಮತ್ತೆ ಮೊದಲಿನಿಂದ. ಹಾಡನ್ನು ಪೂರ್ತಿ ಕಲಿತು ಬಂದವರಿಗೆ ಮಾತ್ರ ಆ ಯಂತ್ರ ದಾರಿ ಬಿಡುತ್ತಿತ್ತು.

ನಾಲ್ಕು ಟ್ರ್ಯಾಕಿನ ಟೇಪು

1930ರ ದಶಕದಲ್ಲಿ ಜರ್ಮನಿಯಲ್ಲಿ ಟೇಪ್ ಯಂತ್ರ ಬಂತು. ಎರಡನೆಯ ಮಹಾಯುದ್ಧದ ನಂತರ ಅದು ಅಮೆರಿಕ ಸೇರಿ ಸುಧಾರಿಸಿತು. ಟೇಪಿನಿಂದ ಎರಡು ದೊಡ್ಡ ಅನುಕೂಲಗಳಾದವು. ತಪ್ಪಾದ ತುಂಡನ್ನು ಬ್ಲೇಡಿನಿಂದ ಕತ್ತರಿಸಿ ಅಂಟಿಸಬಹುದಿತ್ತು. ಒಂದೇ ಟೇಪಿನ ಅಗಲವನ್ನು ಪಟ್ಟಿಗಳಾಗಿ ಹಂಚಿಕೊಂಡು, ಒಂದರಲ್ಲಿ ಧ್ವನಿ, ಇನ್ನೊಂದರಲ್ಲಿ ಗಿಟಾರ್ ಎಂದು ಬೇರೆ ಬೇರೆ ವೇಳೆಯಲ್ಲಿ ಮುದ್ರಿಸಬಹುದಿತ್ತು. ಈ ಪಟ್ಟಿಗಳೇ ನಾವು ಇಂದಿಗೂ ಹೇಳುವ ಟ್ರ್ಯಾಕುಗಳು.

1967ರಲ್ಲಿ ಲಂಡನ್ನಿನ ಅಬ್ಬಿ ರೋಡ್ ಸ್ಟುಡಿಯೊದಲ್ಲಿ ಬೀಟಲ್ಸ್ ತಂಡ 'ಸಾರ್ಜೆಂಟ್ ಪೆಪ್ಪರ್ಸ್' ಆಲ್ಬಮ್ ಮಾಡಿತು. ಇಂದಿಗೂ ಜಗತ್ತಿನ ದೊಡ್ಡ ಆಲ್ಬಮ್‌ಗಳ ಪಟ್ಟಿಯಲ್ಲಿ ಅದರ ಹೆಸರು ಬರುತ್ತದೆ. ಅದಕ್ಕೆ ಬಳಸಿದ ಸ್ಟುಡರ್ ಯಂತ್ರದಲ್ಲಿ ಇದ್ದದ್ದು ನಾಲ್ಕೇ ಟ್ರ್ಯಾಕು. ಡ್ರಮ್ಮು, ಪಿಯಾನೊ, ತಂತಿವಾದ್ಯಗಳ ಮೇಳ, ನಾಲ್ವರ ಧ್ವನಿ, ಸಾಲದೆಂದು ನಮ್ಮ ಸಿತಾರ್ ತಂಬೂರಿಗಳು, ಇವೆಲ್ಲ ನಾಲ್ಕರಲ್ಲಿ ಹೇಗೆ ಹಿಡಿದವು? ನಾಲ್ಕೂ ತುಂಬಿದ ಮೇಲೆ ಅವನ್ನು ಸಮತೋಲ ಮಾಡಿ, ಇನ್ನೊಂದು ಯಂತ್ರದ ಒಂದೇ ಟ್ರ್ಯಾಕಿಗೆ ಇಳಿಸುತ್ತಿದ್ದರು. ಅಲ್ಲಿ ಮತ್ತೆ ಮೂರು ಟ್ರ್ಯಾಕು ಖಾಲಿ. ಇದಕ್ಕೆ 'ಬೌನ್ಸ್' ಎಂದು ಹೆಸರು. ಒಮ್ಮೆ ಇಳಿಸಿದ ಮೇಲೆ ಹಿಂದೆ ಹೋಗಿ ಡ್ರಮ್ಮನ್ನು ಮಾತ್ರ ತಗ್ಗಿಸುವುದು ಕಷ್ಟ. ಹಾಗಾಗಿ ಮೊದಲೇ ಯೋಚಿಸಿ ತೀರ್ಮಾನ ಮಾಡಬೇಕಿತ್ತು. ಈ ಬೌನ್ಸ್ ಎಂಬ ಮಾತನ್ನು ನೆನಪಿಡಿ, ನಮ್ಮ ಹಳೆಯ ಕಂಪ್ಯೂಟರಿಗೆ ಅದೇ ಮದ್ದಾಗಿ ಮುಂದೆ ಬರುತ್ತದೆ.

ಅಬ್ಬಿ ರೋಡ್ ಬಡವರ ಸ್ಟುಡಿಯೊ ಆಗಿರಲಿಲ್ಲ ಎಂಬುದನ್ನೂ ಹೇಳಲೇಬೇಕು. ಯಂತ್ರ ನಾಲ್ಕು ಟ್ರ್ಯಾಕಿನದಾದರೂ ಅಲ್ಲಿಯ ಕೋಣೆ, ಮೈಕು, ಎಂಜಿನಿಯರುಗಳ ಕಿವಿ ಎಲ್ಲವೂ ಮೊದಲ ದರ್ಜೆಯವು. ಆ ಕಾಲದಲ್ಲಿ ದುಬಾರಿಯಾಗಿದ್ದದ್ದು ಸ್ಟುಡಿಯೊದ ಬಾಗಿಲು. ಅದರೊಳಗೆ ಹೋಗಲು ಕಂಪನಿಯ ಕೃಪೆ ಬೇಕಿತ್ತು. ಕನ್ನಡ ಸಿನಿಮಾ ಹಾಡುಗಳೂ ಬಹುಕಾಲ ಮದ್ರಾಸಿಗೆ ಹೋಗಿಯೇ ಮುದ್ರಣವಾಗಬೇಕಿತ್ತು. ಆ ಹೊರೆ ಇಳಿಸಬೇಕೆಂದೇ ಶಂಕರ್ ನಾಗ್ ಅವರು ಬೆಂಗಳೂರಿನಲ್ಲಿ 'ಸಂಕೇತ್' ಸ್ಟುಡಿಯೊ ಕಟ್ಟಿದರು.

ಕ್ಯಾಸೆಟ್ಟು ಬಾಗಿಲು ತೆರೆಯಿತು

ಫಿಲಿಪ್ಸ್ ಕಂಪನಿ ಕ್ಯಾಸೆಟ್ಟನ್ನು ತಂದದ್ದು 1963ರಲ್ಲಿ. ನಮ್ಮ ಕನ್ನಡದಲ್ಲಿ 1978ರಲ್ಲಿ ಬಂದ 'ನಿತ್ಯೋತ್ಸವ' ಕ್ಯಾಸೆಟ್ ಭಾವಗೀತೆಗಳ ದಾರಿಯನ್ನೇ ಬದಲಿಸಿತು. ನಿಸಾರ್ ಅಹಮದ್ ಅವರ ಕವಿತೆಗಳು, ಮೈಸೂರು ಅನಂತಸ್ವಾಮಿಯವರ ಸಂಗೀತ. 1980ರ ದಶಕದಲ್ಲಿ ದೇಶದ ತುಂಬ ಸಣ್ಣ ಸಣ್ಣ ಕ್ಯಾಸೆಟ್ ಕಂಪನಿಗಳು ಎದ್ದವು. ಭಜನೆ, ಜಾನಪದ, ಪ್ರಾದೇಶಿಕ ಭಾಷೆಗಳ ಭಕ್ತಿಗೀತೆಗಳು ಮೊದಲ ಸಲ ತಮ್ಮವರ ಮನೆಗಳಿಗೇ ತಲುಪಿದವು. ದೊಡ್ಡ ಕಂಪನಿಗಳ ತಟ್ಟೆಗಳಲ್ಲಿ ಜಾಗ ಸಿಗದ ಎಷ್ಟೋ ಧ್ವನಿಗಳು ಸಂತೆಯ ಕ್ಯಾಸೆಟ್ ಅಂಗಡಿಗೆ ಬಂದವು.

1979ರಲ್ಲಿ ಟ್ಯಾಸ್ಕಮ್ ಕಂಪನಿ 'ಪೋರ್ಟಾಸ್ಟುಡಿಯೊ' ಎಂಬ ಸಣ್ಣ ಯಂತ್ರ ತಂದಿತು. ಸಾಮಾನ್ಯ ಕ್ಯಾಸೆಟ್ಟಿನ ಮೇಲೆ ನಾಲ್ಕು ಟ್ರ್ಯಾಕು. 1982ರ ಆರಂಭದಲ್ಲಿ ಅಮೆರಿಕದ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಮನೆಯಲ್ಲೇ ಕುಳಿತು ಅದರಲ್ಲಿ ಕೆಲವು ಹಾಡು ಹಿಡಿದಿಟ್ಟರು. ಆಮೇಲೆ ತಂಡದ ಜೊತೆ ದೊಡ್ಡ ಸ್ಟುಡಿಯೊದಲ್ಲಿ ಮತ್ತೆ ಮಾಡಿದರೆ ಆ ಜೀವ ಬರಲಿಲ್ಲ. ಕೊನೆಗೆ ಮನೆಯ ಕ್ಯಾಸೆಟ್ಟೇ 'ನೆಬ್ರಾಸ್ಕ' ಎಂಬ ಆಲ್ಬಮ್ ಆಗಿ ಹೊರಬಂತು. ಇಲ್ಲಿ ಇನ್ನೊಂದು ಮಾತೂ ಇದೆ. ಆ ಕ್ಯಾಸೆಟ್ಟಿನ ಧ್ವನಿಯನ್ನು ತಟ್ಟೆಗೆ ಇಳಿಸಲು ಎಂಜಿನಿಯರುಗಳು ಬಹಳ ಹೆಣಗಬೇಕಾಯಿತು. ಅಗ್ಗದ ಯಂತ್ರದಲ್ಲಿ ಉಳಿಸಿದ ದುಡ್ಡಿಗೆ ಬೇರೆ ಕಡೆ ಬೆವರಿನ ಬೆಲೆ ಕೊಡಬೇಕಾಗುತ್ತದೆ. ಇದನ್ನು ಮರೆತು "ಯಾವುದಾದರೂ ನಡೆಯುತ್ತದೆ" ಎನ್ನುವುದು ಸರಿಯಲ್ಲ.

ಒಂದು ಎಂಬಿ ಕಂಪ್ಯೂಟರಿನ ಮಹಿಮೆ

1983ರಲ್ಲಿ 'ಮಿಡಿ' ಎಂಬ ಒಪ್ಪಂದ ಬಂತು. ಅಮೆರಿಕದ ಡೇವ್ ಸ್ಮಿತ್, ಜಪಾನಿನ ಇಕುತಾರೊ ಕಾಕೆಹಾಶಿ ಅದರ ಹಿಂದಿನ ಮುಖ್ಯರು. ಬೇರೆ ಬೇರೆ ಕಂಪನಿಗಳ ಕೀಬೋರ್ಡು, ಕಂಪ್ಯೂಟರುಗಳು ಪರಸ್ಪರ ಮಾತಾಡಲು ಒಂದು ಸಮಾನ ಭಾಷೆ ಇದು. ಮಿಡಿಯಲ್ಲಿ ಹರಿಯುವುದು ಧ್ವನಿಯಲ್ಲ, ಸೂಚನೆ: ಯಾವ ಮನೆ ಒತ್ತಿದರು, ಎಷ್ಟು ಜೋರಾಗಿ, ಯಾವಾಗ ಬಿಟ್ಟರು. ಸ್ವರಲಿಪಿಯ ಹಾಳೆಯನ್ನು ಯಂತ್ರದ ಕೈಗೆ ಕೊಟ್ಟ ಹಾಗೆ. ಧ್ವನಿ ಮಾಡುವ ಭಾರವೆಲ್ಲ ಕೀಬೋರ್ಡಿನದ್ದು. ಆದ್ದರಿಂದ ಕಂಪ್ಯೂಟರಿಗೆ ಹೆಚ್ಚು ಶಕ್ತಿ ಬೇಕಿರಲಿಲ್ಲ.

1985ರಲ್ಲಿ ಬಂದ ಅಟಾರಿ ಎಸ್‌ಟಿ ಕಂಪ್ಯೂಟರಿನಲ್ಲಿ ಮಿಡಿ ತಂತಿ ಸಿಕ್ಕಿಸುವ ಜಾಗ ಮೊದಲೇ ಇತ್ತು. ಅದರ ಪ್ರೊಸೆಸರಿನ ವೇಗ 8 ಮೆಗಾಹರ್ಟ್ಸ್. ಅದೇ ಸಾಲಿನ ಮುಂದಿನ ಮಾಡೆಲ್ಲಿನಲ್ಲಿ ಮೆಮೊರಿ 1 ಎಂಬಿ. ಇಂದು ಗುಡ್ ಮಾರ್ನಿಂಗ್ ಎಂದು ಬರುವ ಒಂದು ವಾಟ್ಸಾಪ್ ವಿಡಿಯೊ ಕೂಡ ಅದರ ಮೆಮೊರಿಯಲ್ಲಿ ಹಿಡಿಸುವುದಿಲ್ಲ. ಅಂಥ ಯಂತ್ರದ ಮೇಲೆಯೇ 1989ರಲ್ಲಿ 'ಕ್ಯೂಬೇಸ್' ಹುಟ್ಟಿತು. ಕಂಪ್ಯೂಟರ್ ಲೋಕದಲ್ಲಿ ಅಟಾರಿ ಹಳತಾಗಿ ಮೂಲೆ ಸೇರಿದ ಮೇಲೂ ಸಂಗೀತಗಾರರು ಅದನ್ನು ಬಿಡಲಿಲ್ಲ. ಫ್ಯಾಟ್‌ಬಾಯ್ ಸ್ಲಿಮ್ ಎಂಬ ಹೆಸರಿನಲ್ಲಿ ಖ್ಯಾತರಾದ ನಾರ್ಮನ್ ಕುಕ್ 1998ರಲ್ಲಿ ಹೊರತಂದ ಆಲ್ಬಮ್ಮನ್ನು ಅಟಾರಿಯಿಂದಲೇ ನಡೆಸಿದರು. ಆಗ ಆ ಕಂಪ್ಯೂಟರಿಗೆ ಹತ್ತು ವರ್ಷ ದಾಟಿತ್ತು.

ನಮ್ಮ ದೇಶದ ಕಥೆಯೂ ಇದೆ. ಎ. ಆರ್. ರಹಮಾನ್ 1989ರಲ್ಲಿ ಚೆನ್ನೈನ ತಮ್ಮ ಮನೆಯ ಹಿತ್ತಲಲ್ಲಿ 'ಪಂಚತನ್ ರೆಕಾರ್ಡ್ ಇನ್' ಎಂಬ ಸ್ಟುಡಿಯೊ ಕಟ್ಟಿಕೊಂಡರು. 1992ರ 'ರೋಜಾ' ಅವರ ಹೆಸರನ್ನು ದೇಶಕ್ಕೆಲ್ಲ ತಿಳಿಸಿತು, ರಾಷ್ಟ್ರಪ್ರಶಸ್ತಿಯನ್ನೂ ತಂದಿತು. ಆ ಹಿತ್ತಲ ಸ್ಟುಡಿಯೊ ಪುಕ್ಕಟೆಯಾಗಿ ಆದದ್ದಲ್ಲ. ಆದರೆ ನೂರು ವಾದ್ಯಗಾರರನ್ನು ಒಂದೇ ದೊಡ್ಡ ಹಾಲಿನಲ್ಲಿ ಕೂರಿಸದೆಯೂ ಒಬ್ಬ ಯುವಕ ತನ್ನ ಕೋಣೆಯಲ್ಲಿ ತಾಳ್ಮೆಯಿಂದ ಪದರ ಪದರವಾಗಿ ಹಾಡು ಕಟ್ಟಬಹುದು ಎಂಬುದನ್ನು ಅದು ಭಾರತಕ್ಕೆ ತೋರಿಸಿತು.

ದುಬಾರಿ ಕಂಪ್ಯೂಟರ್ ನಿಜವಾಗಿಯೂ ಬೇಕಿದ್ದ ಹತ್ತು ವರ್ಷ

ಹಾಗಾದರೆ "ಸಂಗೀತಕ್ಕೆ ದೊಡ್ಡ ಕಂಪ್ಯೂಟರ್ ಬೇಕೇ ಬೇಕು" ಎಂಬ ಮಾತು ಎಲ್ಲಿಂದ ಬಂತು? ಅದು ಸುಳ್ಳಿನಿಂದ ಹುಟ್ಟಿದ್ದಲ್ಲ. ಒಂದು ಕಾಲದಲ್ಲಿ ಅದು ಪೂರ್ತಿ ನಿಜವಾಗಿತ್ತು.

1991ರಲ್ಲಿ 'ಪ್ರೊ ಟೂಲ್ಸ್' ಬಂದಾಗ ಕಂಪ್ಯೂಟರು ಸೂಚನೆಯನ್ನಷ್ಟೇ ಅಲ್ಲ, ಧ್ವನಿಯನ್ನೇ ಮುದ್ರಿಸತೊಡಗಿತು. ಮೊದಲ ಪ್ರೊ ಟೂಲ್ಸ್‌ನಲ್ಲಿ ನಾಲ್ಕು ಟ್ರ್ಯಾಕು, ಬೆಲೆ ಸುಮಾರು 6,000 ಡಾಲರ್, ಅದರ ಜೊತೆಗೆ ಮ್ಯಾಕಿಂಟಾಶ್ ಕಂಪ್ಯೂಟರ್ ಬೇರೆ. ಅಂದಿನ ಹಾರ್ಡ್ ಡಿಸ್ಕುಗಳು ಸಣ್ಣವು, ನಿಧಾನ. ಧ್ವನಿಯ ಲೆಕ್ಕ ಮಾಡಲು ಪ್ರತ್ಯೇಕ ಕಾರ್ಡು ಹಾಕಬೇಕಿತ್ತು. 1996ರಲ್ಲಿ ಸ್ಟೈನ್‌ಬರ್ಗ್ ಕಂಪನಿಯ 'ಕ್ಯೂಬೇಸ್ ವಿಎಸ್‌ಟಿ' ಬಂದು, ಎಕೋ, ಈಕ್ವಲೈಸರ್‌ಗಳಂಥ ಕೆಲಸವನ್ನು ಕಂಪ್ಯೂಟರಿನ ಸ್ವಂತ ಪ್ರೊಸೆಸರೇ ಮಾಡಬಲ್ಲದು ಎಂದು ತೋರಿಸಿತು. ಆದರೂ ಅಂದಿನ ಪ್ರೊಸೆಸರು ನಾಲ್ಕಾರು ಎಫೆಕ್ಟ್ ಹಾಕಿದರೆ ಏದುಸಿರು ಬಿಡುತ್ತಿತ್ತು. ಆ ವರ್ಷಗಳಲ್ಲಿ ಹೊಸ ಕಂಪ್ಯೂಟರು ಬಂದಾಗೆಲ್ಲ ಕೆಲಸ ನಿಜವಾಗಿಯೂ ಎರಡು ಪಟ್ಟು ಸಲೀಸಾಗುತ್ತಿತ್ತು.

ಅಂದು ಸ್ಟುಡಿಯೊ ನಡೆಸಿದವರು ತಮ್ಮ ಶಿಷ್ಯರಿಗೆ ಇದನ್ನೇ ಹೇಳಿಕೊಟ್ಟರು, ಶಿಷ್ಯರು ತಮ್ಮ ಶಿಷ್ಯರಿಗೆ. ಯಂತ್ರ ಬೆಳೆದು ಎಲ್ಲಿಗೋ ಹೋಯಿತು, ಮಾತು ಮಾತ್ರ ಅಲ್ಲಿಯೇ ಉಳಿಯಿತು. ಬಾವಿಗೆ ಮೋಟಾರು ಬಂದ ಮೇಲೂ "ನೀರಿಗೆ ಎರಡು ಎತ್ತು ಬೇಕೇ ಬೇಕು" ಎಂದು ಹಠ ಹಿಡಿದಂತೆ.

ಮಲಗುವ ಕೋಣೆಯ ಹಾಡುಗಳು

2000ದ ನಂತರದ ಕಥೆ ಎಲ್ಲರಿಗೂ ಸ್ವಲ್ಪ ಸ್ವಲ್ಪ ಗೊತ್ತು. ಅದೇ ವರ್ಷ 'ಆಡಾಸಿಟಿ' ಪುಕ್ಕಟೆಯಾಗಿ ಬಂತು. 2004ರಲ್ಲಿ ಆಪಲ್ ತನ್ನ ಕಂಪ್ಯೂಟರಿನ ಜೊತೆಗೇ 'ಗ್ಯಾರೇಜ್‌ಬ್ಯಾಂಡ್' ಕೊಡತೊಡಗಿತು. ಹಳೆಯ ಕಂಪ್ಯೂಟರಿನಲ್ಲೂ ಹಗುರವಾಗಿ ಓಡುವ 'ರೀಪರ್' ಬಂತು. ಲಂಡನ್ನಿನ ಬ್ಯೂರಿಯಲ್ ಎಂಬ ಕಲಾವಿದ 2007ರ 'ಅನ್‌ಟ್ರೂ' ಆಲ್ಬಮ್ಮನ್ನು 'ಸೌಂಡ್ ಫೋರ್ಜ್' ಎಂಬ ಸರಳ ಎಡಿಟರಿನಲ್ಲಿ, ಅಲೆಯ ಚಿತ್ರ ನೋಡಿ ಕಣ್ಣಳತೆಯಲ್ಲೇ ತಾಳ ಜೋಡಿಸಿ ಮಾಡಿದರು. ಮರುವರ್ಷ ಅದು ಬ್ರಿಟನ್ನಿನ ಮರ್ಕ್ಯುರಿ ಪ್ರಶಸ್ತಿಯ ಅಂತಿಮ ಪಟ್ಟಿಗೆ ಬಂತು. 2017ರಲ್ಲಿ ಕೆಂಡ್ರಿಕ್ ಲಾಮಾರ್ ಅವರ ಆಲ್ಬಮ್ಮಿನಲ್ಲಿ ಸ್ಟೀವ್ ಲೇಸಿ ಎಂಬ ಹದಿಹರೆಯದ ಹುಡುಗನ ಕೆಲಸವಿತ್ತು. ಆತನ ಸ್ಟುಡಿಯೊ ಎಂದರೆ ಐಫೋನು. 2019ರಲ್ಲಿ ಬಿಲ್ಲಿ ಐಲಿಶ್ ಅವರ ಮೊದಲ ಆಲ್ಬಮ್ಮನ್ನು ಅಣ್ಣ ಫಿನಿಯಸ್ ಲಾಸ್ ಏಂಜಲೀಸ್‌ನ ಅಪ್ಪ ಅಮ್ಮನ ಮನೆಯ ಮಲಗುವ ಕೋಣೆಯಲ್ಲಿ ಮಾಡಿದರು. 2020ರ ಜನವರಿಯಲ್ಲಿ ಅದಕ್ಕೆ ವರ್ಷದ ಶ್ರೇಷ್ಠ ಆಲ್ಬಮ್ ಎಂಬ ಗ್ರ್ಯಾಮಿ, ಫಿನಿಯಸ್‌ಗೆ ವರ್ಷದ ನಿರ್ಮಾಪಕ ಎಂಬ ಗ್ರ್ಯಾಮಿ ಬಂದವು.

ಈ ಹೆಸರುಗಳನ್ನು ಹೇಳುವಾಗ ನಾವು ಒಂದು ಎಚ್ಚರ ವಹಿಸಬೇಕು. ಐಫೋನೂ ಅಗ್ಗದ್ದಲ್ಲ, ಫಿನಿಯಸ್ ಬಳಿ ಒಳ್ಳೆಯ ಮೈಕೂ ಇಂಟರ್‌ಫೇಸೂ ಇದ್ದವು. ಸಣ್ಣ ಯಂತ್ರವಿದ್ದರೆ ಸಾಕು, ಗ್ರ್ಯಾಮಿ ಬರುತ್ತದೆ ಎಂದು ಇದರ ಅರ್ಥವಲ್ಲ. ಹಾಡಿನ ಗುಣವನ್ನು ತೀರ್ಮಾನಿಸಿದ್ದು ಕಂಪ್ಯೂಟರಿನ ವಯಸ್ಸಲ್ಲ ಎಂಬುದಷ್ಟೇ ಇಲ್ಲಿಂದ ತಿಳಿಯುವ ಪಾಠ.

ಲೆಕ್ಕ ಹಾಕಿ ನೋಡೋಣ

ವಿಜ್ಞಾನ ಓದಿದವರ ಅಭ್ಯಾಸದಂತೆ ಈಗ ಅಂಕಿ ಹಿಡಿದು ನೋಡೋಣ.

ಸ್ಟುಡಿಯೊಗಳಲ್ಲಿ ಸಾಮಾನ್ಯವಾಗಿ ಧ್ವನಿಯನ್ನು ಸೆಕೆಂಡಿಗೆ 48,000 ಸಲ ಅಳೆದು, ಪ್ರತಿ ಅಳತೆಯನ್ನು 24 ಬಿಟ್ಟುಗಳಲ್ಲಿ, ಅಂದರೆ 3 ಬೈಟುಗಳಲ್ಲಿ ಬರೆದಿಡುತ್ತಾರೆ. ಒಂದು ಟ್ರ್ಯಾಕಿಗೆ ಸೆಕೆಂಡಿಗೆ 1,44,000 ಬೈಟು. ನಮ್ಮ ಗಾನವೃಂದದ ಹಾಡಿಗೆ ಹಾರ್ಮೋನಿಯಂ, ತಬಲಾ, ಗಿಟಾರ್, ಎಲ್ಲರ ಧ್ವನಿ ಸೇರಿ 16 ಟ್ರ್ಯಾಕು ಎಂದಿಟ್ಟುಕೊಳ್ಳಿ. ಸೆಕೆಂಡಿಗೆ ಸುಮಾರು 2.3 ಎಂಬಿ ಆಯಿತು. ಹತ್ತು ವರ್ಷದ ಹಿಂದಿನ ತಿರುಗುವ ಹಾರ್ಡ್ ಡಿಸ್ಕು ಕೂಡ ಸೆಕೆಂಡಿಗೆ ಹತ್ತಾರು ಎಂಬಿ ಓದಬಲ್ಲದು. ಐದು ನಿಮಿಷದ ಇಡೀ ಹಾಡು ಸುಮಾರು 690 ಎಂಬಿ. ಅಂಥ ಹತ್ತು ಹಾಡು 16 ಜಿಬಿಯ ಪೆನ್ ಡ್ರೈವಿನಲ್ಲಿ ಆರಾಮವಾಗಿ ಕೂರುತ್ತವೆ. ಧ್ವನಿ ಮುದ್ರಿಸಿ ಮಿಶ್ರಣ ಮಾಡುವುದಕ್ಕೆ ಹಳೆಯ ಯಂತ್ರ ಸಾಕು ಎಂಬುದು ಹೀಗೆ ಲೆಕ್ಕದಿಂದಲೇ ಗೊತ್ತಾಗುತ್ತದೆ.

ಎರಡನೆಯದು, ತಡವಾಗಿ ಕೇಳಿಸುವ ತೊಂದರೆ. ಹಾಡಿದ ಕೂಡಲೇ ಹೆಡ್‌ಫೋನಿನಲ್ಲಿ ತನ್ನ ಧ್ವನಿ ಸ್ವಲ್ಪ ಹೊತ್ತು ಬಿಟ್ಟು ಬರುವುದು. ಇದನ್ನು ಕಂಡ ಕೂಡಲೇ ಹುಡುಗರು "ಕಂಪ್ಯೂಟರ್ ಹಳೆಯದು" ಎನ್ನುತ್ತಾರೆ. ಕಂಪ್ಯೂಟರು ಧ್ವನಿಯನ್ನು ಬೊಗಸೆ ಬೊಗಸೆಯಾಗಿ ತುಂಬಿಕೊಂಡು ಕೆಲಸ ಮಾಡುತ್ತದೆ. ಈ ಬೊಗಸೆಗೆ 'ಬಫರ್' ಎಂದು ಹೆಸರು. ಸೆಕೆಂಡಿಗೆ 44,100 ಅಳತೆಯ ಲೆಕ್ಕದಲ್ಲಿ 1,024 ಅಳತೆಗಳ ಬಫರ್ ಎಂದರೆ ಸುಮಾರು 23 ಮಿಲಿಸೆಕೆಂಡ್ ತಡ. ಅಷ್ಟು ಹೊತ್ತಿನಲ್ಲಿ ಗಾಳಿಯಲ್ಲಿ ಶಬ್ದ 8 ಮೀಟರ್ ಹೋಗುತ್ತದೆ. ಅಂದರೆ ನೀವು ಪೀಠದ ಹತ್ತಿರ, ತಬಲಾದವರು ದೇವಾಲಯದ ಬಾಗಿಲ ಹತ್ತಿರ ಕೂತ ಹಾಗೆ. ಒಳಬರುವ, ಹೊರಹೋಗುವ ದಾರಿ ಎರಡೂ ಸೇರಿದರೆ ಇನ್ನೂ ಹೆಚ್ಚು. ಅದೇ ಬಫರನ್ನು 256ಕ್ಕೆ ಇಳಿಸಿದರೆ ತಡ 6 ಮಿಲಿಸೆಕೆಂಡಿಗಿಂತ ಕಡಿಮೆ, ಪಕ್ಕದಲ್ಲೇ ಕೂತ ಹಾಗೆ. ಮುದ್ರಿಸುವಾಗ ಬಫರ್ ಸಣ್ಣದಿರಲಿ, ಮಿಶ್ರಣ ಮಾಡುವಾಗ ದೊಡ್ಡದಿರಲಿ. ಇದು ಪುಕ್ಕಟೆಯ ಪರಿಹಾರ. ಇಂಟರ್‌ಫೇಸಿನಲ್ಲಿ 'ಡೈರೆಕ್ಟ್ ಮಾನಿಟರ್' ಗುಂಡಿ ಇದ್ದರೆ ಕಂಪ್ಯೂಟರಿನೊಳಗೆ ಹೋಗದೆಯೇ ನಮ್ಮ ಧ್ವನಿ ನೇರವಾಗಿ ನಮ್ಮ ಕಿವಿಗೆ ಬರುತ್ತದೆ.

ಮೂರನೆಯದು, ವರ್ಚುವಲ್ ವಾದ್ಯಗಳೂ ಎಫೆಕ್ಟುಗಳೂ ಹೆಚ್ಚಾಗಿ ಯಂತ್ರ ತಡವರಿಸುವುದು. ಇಲ್ಲಿ 1967ರ ಬೌನ್ಸ್ ನೆನಪು ಮಾಡಿಕೊಳ್ಳಿ. ಇಂದಿನ ಬಹುತೇಕ ಸಾಫ್ಟ್‌ವೇರುಗಳಲ್ಲಿ 'ಫ್ರೀಜ್' ಎಂಬ ಆಯ್ಕೆ ಇದೆ. ಮುಗಿದ ಟ್ರ್ಯಾಕನ್ನು ಧ್ವನಿಯ ಫೈಲಾಗಿ ಇಳಿಸಿ, ಆ ವಾದ್ಯದ ಭಾರವನ್ನು ಪ್ರೊಸೆಸರಿನ ತಲೆಯಿಂದ ಇಳಿಸುವುದು. ಬೀಟಲ್ಸ್ ಮಾಡಿದ್ದೇ ಇದು. ವ್ಯತ್ಯಾಸ ಇಷ್ಟೇ, ನಮಗೆ ಬೇಕೆನಿಸಿದರೆ ಹಿಂದಕ್ಕೂ ಹೋಗಬಹುದು. ಅವರಿಗೆ ಆ ಭಾಗ್ಯವೂ ಸುಲಭವಿರಲಿಲ್ಲ.

ನಾಲ್ಕನೆಯದು ನಮ್ಮ ಊರಿನ ವಿಶೇಷ: ಬಿಸಿಲು ಮತ್ತು ಧೂಳು. ಪ್ರೊಸೆಸರು ಅತಿಯಾಗಿ ಕಾದರೆ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಲ್ಯಾಪ್‌ಟಾಪ್ ನಿಧಾನವಾದರೆ ಅದಕ್ಕೆ ವಯಸ್ಸಾಯಿತೆಂದು ತಿಳಿಯುವ ಮೊದಲು ಫ್ಯಾನಿನಲ್ಲಿ ತುಂಬಿದ ಧೂಳು ತೆಗೆಸಿ ನೋಡಿ.

ಹೊಸದು ಬೇಕಾಗುವ ಸಂದರ್ಭಗಳು

ಇಷ್ಟೆಲ್ಲ ಹೇಳಿ, ಹೊಸ ಕಂಪ್ಯೂಟರ್ ಎಂದರೇ ದುಂದು ಎಂದು ನಾವು ಹೇಳುವುದಿಲ್ಲ. ಸಿನಿಮಾಕ್ಕೆ ಇಡೀ ಆರ್ಕೆಸ್ಟ್ರಾದ ಸಂಗೀತವನ್ನು ಸ್ಯಾಂಪಲ್ ವಾದ್ಯಗಳಿಂದ ಕಟ್ಟುವವರಿಗೆ ಹೆಚ್ಚು ಮೆಮೊರಿ, ವೇಗದ ಎಸ್‌ಎಸ್‌ಡಿ, ಬಲವಾದ ಪ್ರೊಸೆಸರ್ ಬೇಕೇ ಬೇಕು. ಒಂದೊಂದು ವಾದ್ಯದ ಒಂದೊಂದು ಸ್ವರವನ್ನೂ ಹಲವು ಬಗೆಯಲ್ಲಿ ಮುದ್ರಿಸಿಟ್ಟ ಆ ಸಂಗ್ರಹಗಳು ನೂರಾರು ಜಿಬಿ ಇರುತ್ತವೆ. ಹಾಡಿನ ಜೊತೆ ವಿಡಿಯೊ ಎಡಿಟಿಂಗನ್ನೂ ಅದೇ ಯಂತ್ರದಲ್ಲಿ ಮಾಡುವವರಿಗೂ ಶಕ್ತಿ ಬೇಕು. ದಿನಕ್ಕೆ ಮೂರು ನಾಲ್ಕು ಗಿರಾಕಿಗಳ ಕೆಲಸ ಮುಗಿಸುವ ಸ್ಟುಡಿಯೊಗೆ ಉಳಿದ ಸಮಯವೇ ದುಡ್ಡು. ಅಲ್ಲಿ ಹೊಸ ಯಂತ್ರ ತನ್ನ ಬೆಲೆಯನ್ನು ತಾನೇ ದುಡಿಯುತ್ತದೆ. ಹಳೆಯ ಯಂತ್ರಕ್ಕೆ ಭದ್ರತೆಯ ಚಿಂತೆಯೂ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅಂಥ ಕಂಪ್ಯೂಟರನ್ನು ಇಂಟರ್‌ನೆಟ್ಟಿಗೆ ಹಚ್ಚದೆ ಹಾಡಿನ ಕೆಲಸಕ್ಕೆ ಮಾತ್ರ ಇಟ್ಟುಕೊಳ್ಳುವುದು ಒಂದು ದಾರಿ, ಲಿನಕ್ಸ್ ಹಾಕುವುದು ಇನ್ನೊಂದು.

ಆದರೆ ಗಮನಿಸಿ, ಇವೆಲ್ಲ ಕೆಲಸ ಬಂದ ಮೇಲಿನ ಅಗತ್ಯಗಳು. ಕೆಲಸ ಕಲಿಯುವ ಮೊದಲಿನ ಅಗತ್ಯಗಳಲ್ಲ.

ನಮ್ಮ ಮುಂದಿನ ದಾರಿ

ಚರಿತ್ರೆಯನ್ನು ಒಟ್ಟಾಗಿ ನೋಡಿದರೆ ಒಂದು ಸಂಗತಿ ಕಾಣುತ್ತದೆ. ಪ್ರತಿ ಕಾಲದಲ್ಲೂ ಯಾವುದೋ ಒಂದು ವಸ್ತು ದುಬಾರಿಯಾಗಿ ದಾರಿ ಕಟ್ಟಿ ನಿಂತಿತ್ತು. 1902ರಲ್ಲಿ ಅದು ಮೇಣದ ತಟ್ಟೆ, 1967ರಲ್ಲಿ ಸ್ಟುಡಿಯೊದ ಬಾಗಿಲು, 1991ರಲ್ಲಿ ಕಂಪ್ಯೂಟರು. ಇಂದು ಕಂಪ್ಯೂಟರು ದಾರಿ ಬಿಟ್ಟಿದೆ. ಈಗ ದಾರಿ ಕಟ್ಟಿರುವುದು ಕೋಣೆ, ಮೈಕು, ಮತ್ತು ನಮ್ಮ ಕಿವಿಯ ಅಭ್ಯಾಸ. ದುಡ್ಡನ್ನೂ ಶ್ರಮವನ್ನೂ ಹಾಕಬೇಕಾದದ್ದು ಅಲ್ಲಿ.

ಕೋಣೆಯಿಂದಲೇ ಆರಂಭಿಸಿ. ಆರ್‌ಸಿಸಿ ಮನೆಯ ಬೋಳು ಗೋಡೆಗಳ ನಡುವೆ ಹಾಡಿದರೆ ಧ್ವನಿ ಡಬ್ಬಿಯೊಳಗಿಂದ ಬಂದಂತೆ ಕೇಳಿಸುತ್ತದೆ. ಎಷ್ಟು ಲಕ್ಷದ ಕಂಪ್ಯೂಟರೂ ಅದನ್ನು ಪೂರ್ತಿ ತೆಗೆಯಲಾರದು. ನಮ್ಮ ಅವ್ವಂದಿರು ಹಳೆಯ ಸೀರೆ ಹೊಲಿದು ಮಾಡಿದ ದಪ್ಪನೆಯ ಕೌದಿಗಳು, ಕುರಿಯ ಉಣ್ಣೆಯ ಕಂಬಳಿಗಳು ಮನೆಮನೆಯಲ್ಲೂ ಇವೆ. ಹಾಡುವವರ ಹಿಂದೆ, ಪಕ್ಕಕ್ಕೆ ಹಗ್ಗ ಕಟ್ಟಿ ಎರಡು ಪದರ ಕೌದಿ ಇಳಿಬಿಡಿ, ಗೋಡೆಗೂ ಕೌದಿಗೂ ನಡುವೆ ಒಂದು ಗೇಣು ಜಾಗವಿರಲಿ. ವ್ಯತ್ಯಾಸ ಮೊದಲ ಸಾಲಿಗೇ ಗೊತ್ತಾಗುತ್ತದೆ. ಮೋಟಾರು, ಟ್ರ್ಯಾಕ್ಟರ್ ಸದ್ದಿಲ್ಲದ ಹೊತ್ತು ನೋಡಿ ಮುದ್ರಿಸಿ.

ಎರಡನೆಯದು, ಇರುವ ಕಂಪ್ಯೂಟರನ್ನೇ ಸುಧಾರಿಸಿ. ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿಸಿ, ಮೆಮೊರಿ 4 ಜಿಬಿ ಇದ್ದರೆ 8 ಅಥವಾ 16ಕ್ಕೆ ಏರಿಸಿ. ಮನೆಯಲ್ಲಿ ಯಂತ್ರವೇ ಇಲ್ಲದವರು ಬ್ಯಾಟರಿ ಒಳ್ಳೆಯದಿರುವ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ನೋಡಿ. ಹಾಡಿನ ನಡುವೆ ಕರೆಂಟು ಹೋದರೂ ಕೆಲಸ ನಿಲ್ಲುವುದಿಲ್ಲ.

ಮೂರನೆಯದು, ಕದ್ದ ಸಾಫ್ಟ್‌ವೇರ್ ಬೇಡ. ಕ್ರ್ಯಾಕ್ ಫೈಲುಗಳ ಜೊತೆ ವೈರಸ್ ಬಂದು ಮಾಡಿದ ಕೆಲಸವೆಲ್ಲ ಹೋಗುತ್ತದೆ. ಅದಕ್ಕಿಂತ ಮೊದಲು, ದೇವರ ಸ್ತುತಿಯ ಹಾಡನ್ನು ಕದ್ದ ಸಾಧನದಲ್ಲಿ ಮಾಡುವುದು ನಮಗೆ ಒಪ್ಪುವ ಮಾತಲ್ಲ. ಆಡಾಸಿಟಿ ಪುಕ್ಕಟೆ. ರೀಪರನ್ನು 60 ದಿನ ಪರೀಕ್ಷಿಸಿ ನೋಡಬಹುದು, ಆಮೇಲೆ ವೈಯಕ್ತಿಕ ಬಳಕೆಯ ಪರವಾನಗಿ 60 ಡಾಲರ್.

ನಾಲ್ಕನೆಯದು, ಒಬ್ಬೊಬ್ಬರು ಸಾಲ ಮಾಡುವ ಬದಲು ಕೂಡಿ ಕೊಳ್ಳೋಣ. ಒಂದು ಒಳ್ಳೆಯ ಮೈಕು, ಎರಡು ಚಾನೆಲ್ಲಿನ ಒಂದು ಇಂಟರ್‌ಫೇಸು, ಒಂದು ಜೊತೆ ಹೆಡ್‌ಫೋನು ಯುವಕೂಟದ ಹೆಸರಿನಲ್ಲಿದ್ದರೆ ಹತ್ತು ಮನೆಗೆ ಉಪಯೋಗ. ಹೆಸರು ಬರೆದು ಒಯ್ಯುವ, ಬರೆದು ಮರಳಿಸುವ ಒಂದು ಪುಸ್ತಕ ಸಾಕು. ಮುದ್ರಿಸಿದ ಹಾಡಿನ ಪ್ರತಿಯನ್ನು ಎರಡು ಕಡೆ ಬೇರೆ ಬೇರೆ ಇಡುವ ರೂಢಿಯೂ ಆಗಲಿ.

ತಂದೆ ತಾಯಂದಿರಲ್ಲಿ ನಮ್ಮದೊಂದು ವಿನಂತಿ: ಮಕ್ಕಳು ಸಂಗೀತದ ಮಾತೆತ್ತಿದರೆ ಖರ್ಚಿನ ಭಯದಿಂದ ಬಾಯಿ ಮುಚ್ಚಿಸಬೇಡಿ. ಯುವಮಿತ್ರರಲ್ಲಿ ಇನ್ನೊಂದು: ಮನೆಯವರ ಮುಂದೆ ಬೆಲೆಪಟ್ಟಿ ಇಡುವ ಮೊದಲು ಮುಗಿಸಿದ ಒಂದು ಹಾಡನ್ನು ಇಡಿ. ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕು ಎಂಬ ಸುವಾರ್ತೆಯ ಸಾಮತಿ ನಮಗೆಲ್ಲ ಗೊತ್ತಿದೆ. ಹಿರಿಯರು ಅದನ್ನೇ ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಮಾತು ಕಂಪ್ಯೂಟರಿನ ವಿಷಯದಲ್ಲಿ ನಮಗೆ ಅನ್ವಯಿಸದಿರಲಿ.

ಕ್ರಿಸ್ತಜಯಂತಿಗೆ ಮೊದಲು ಹೊಸ ಗೀತೆಯೊಂದನ್ನು ಇರುವ ಸಾಧನದಲ್ಲೇ ಪೂರ್ತಿಯಾಗಿ ಮುದ್ರಿಸಬೇಕೆಂದಿದ್ದೇವೆ. ಹಾಡಲು, ನುಡಿಸಲು, ಮಿಶ್ರಣ ಕಲಿಯಲು ಆಸೆಯಿರುವವರು ಭಾನುವಾರದ ಪೂಜೆಯ ನಂತರ ಯುವಕೂಟದವರನ್ನು ಕಾಣಿರಿ. ಮನೆಯಲ್ಲಿ ಹೆಚ್ಚಿಗೆ ಕೌದಿ ಇದ್ದರೆ ಅದನ್ನೂ ತನ್ನಿ.